ಬಾಂದ್ರಾ ಕೋಟೆಯ ಬಿಸಿಲು, 150ರ ಲೆನ್ಸ್

ಮುಂಬಯಿಯ ಮಾಟುಂಗದ ನಮ್ಮ ಮನೆಯಲ್ಲಿ ಅಮ್ಮ ಬೆಳಿಗ್ಗೆ ಕಿಟಕಿಯ ಬದಿಗೆ ತುರಿಮಣೆ ಹಾಕಿಕೊಂಡು ಕಾಯಿ ತುರಿಯುತ್ತಾಳೆ. ಚೌಕ ಚಿತ್ರ ತೆಗೆಯುವ ನನ್ನ ಫಿಲ್ಮ್ ಕ್ಯಾಮೆರಾ ಹ್ಯಾಸೆಲ್‌ಬ್ಲಾಡ್ 500 ಸಿ/ಎಂನ 80 ಮಿ.ಮೀ. ಲೆನ್ಸಿನಲ್ಲಿ ಅವಳ ತಲೆ, ಭುಜ ಚೌಕವನ್ನು ತುಂಬಬೇಕಾದರೆ ನಾನು ಒಂದು ಮೀಟರಿನೊಳಗೆ ಹೋಗಬೇಕು. ಹೋದರೆ ಮುಖದ ಅಳತೆ ಕೆಡುತ್ತದೆ, ಅಮ್ಮನ ಕೈಯೂ ನಿಲ್ಲುತ್ತದೆ. ಉದ್ದದ ಲೆನ್ಸಿನ ಆಸೆ ನನಗೆ ಹುಟ್ಟಿದ್ದು ಅಲ್ಲಿಂದ, ಶಿವಡಿಯ ಕಡಲಂಚಿನ ಫ್ಲೆಮಿಂಗೊ ಹಕ್ಕಿಗಳಿಂದಲ್ಲ.

150 ಮಿ.ಮೀ. ಲೆನ್ಸ್ ಕೊಳ್ಳಬೇಕೋ 250 ಕೊಳ್ಳಬೇಕೋ ಎಂದು ತಿಂಗಳುಗಟ್ಟಲೆ ತೂಗಿದೆ. 1968ರ ಡಿಸೆಂಬರ್ 24ರಂದು ಚಂದ್ರನ ಸುತ್ತುತ್ತಿದ್ದ ಅಪೊಲೊ 8 ನೌಕೆಯಿಂದ ಗಗನಯಾತ್ರಿ ವಿಲಿಯಂ ಆಂಡರ್ಸ್ ತೆಗೆದ ಭೂಮ್ಯುದಯದ ಚಿತ್ರಕ್ಕೆ ಬಳಸಿದ್ದು 250. ಆ ಮೋಹ ಸಣ್ಣದಲ್ಲ. ಆದರೆ ಅದು 2.5 ಮೀಟರಿಗಿಂತ ಈಚೆ ಫೋಕಸ್ ಆಗುವುದಿಲ್ಲ, ನಮ್ಮ ಅಡುಗೆಮನೆ ಅಷ್ಟು ಉದ್ದವೇ ಇಲ್ಲ. 150ಕ್ಕೆ 1.4 ಮೀಟರ್ ಸಾಕು. ಎಷ್ಟು ದೂರದ್ದನ್ನು ಹತ್ತಿರ ತರುತ್ತದೆ ಎನ್ನುವುದಕ್ಕಿಂತ, ನಾನು ಎಲ್ಲಿ ನಿಲ್ಲಬಲ್ಲೆ ಎಂದು ಕೇಳಿಕೊಂಡಾಗ ಆಯ್ಕೆ ಸುಲಭವಾಯಿತು.

ಫೋರ್ಟ್ ಬಡಾವಣೆಯ ಒಂದು ಅಂಗಡಿಯಲ್ಲಿ ಹಳೆಯ ಬೆಳ್ಳಿ ಬಣ್ಣದ 150ರ ಲೆನ್ಸ್, ಸೋನಾರ್, ಸಿಕ್ಕಿತು. ಟಾರ್ಚ್ ಹಾಯಿಸಿ ಬೂಷ್ಟು ಹಿಡಿದಿಲ್ಲವೆಂದು ನೋಡಿದೆ, ಒಂದು ಸೆಕೆಂಡಿನ ಶಟರ್ ಎಡವದೆ ಮುಚ್ಚಿತು. ಲೆನ್ಸಿನ ಮುಂದೆ ನೆರಳಿಗೆ ಹಾಕುವ ಹುಡ್ ಕೇಳಿದಾಗ ಅಂಗಡಿಯವರು 80ರ ಹುಡ್ಡನ್ನೇ ಕೊಟ್ಟು, "ಇದೇ ಕೂರುತ್ತದೆ" ಎಂದರು. ಕೂತಿತು. ಎರಡು ಲೆನ್ಸಿಗೂ ಹುಡ್ ತಿರುಗಿಸಿ ಕೂರಿಸುವ ಬಯೊನೆಟ್ ಒಂದೇ ಅಳತೆಯದು.

ಡಿಸೆಂಬರಿನ ಒಂದು ಸಂಜೆ ಬಾಂದ್ರಾ ಕೋಟೆಯಿಂದ ಕಡಲ ಮೇಲಿನ ಸೇತುವೆ ಸೀ ಲಿಂಕ್ ಕಡೆಗೆ ತಿರುಗಿ ಹನ್ನೆರಡು ಚಿತ್ರ ತೆಗೆದೆ. ನೋಟ ದಕ್ಷಿಣಕ್ಕೆ, ಸೂರ್ಯ ಚೌಕದ ಆಚೆ ಬಲಕ್ಕೆ. ತೊಳೆದು ತೆಗೆದ ಪ್ರಿಂಟ್‌ಗಳಲ್ಲಿ ಕಪ್ಪು ಇರಬೇಕಾದ ಕಂಬಗಳೆಲ್ಲ ಹಾಲು ಬೆರೆಸಿದ ಹಾಗೆ ಬೂದಿಯಾಗಿದ್ದವು. ಸಮುದ್ರದ ಮಂಜೆಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಮುಂದಿನ ಭಾನುವಾರ ಅಲ್ಲೇ ಟ್ರೈಪಾಡ್ ಊರಿ, ಕ್ಯಾಮೆರಾದ ಮುಂದಕ್ಕೆ ಹೋಗಿ ನೋಡಿದೆ. ಲೆನ್ಸಿನ ಗಾಜಿನ ಅಂಚಿನಲ್ಲಿ ಬಿದಿಗೆ ಚಂದ್ರನಷ್ಟು ಬಿಸಿಲು ಕೂತಿತ್ತು.

80ರ ಹುಡ್ಡನ್ನು ಅಗಲವಾದ ನೋಟಕ್ಕೆ ಬೇಕಾದಷ್ಟೇ ಗಿಡ್ಡ ಮಾಡಿರುತ್ತಾರೆ. 150 ನೋಡುವುದು ಮೂಲೆಯಿಂದ ಮೂಲೆಗೆ ಸುಮಾರು 30 ಡಿಗ್ರಿ. ಅದರಾಚೆ ನುಗ್ಗುವ ಬೆಳಕೆಲ್ಲ ಗಾಜಿನಿಂದ ಗಾಜಿಗೆ, ಕ್ಯಾಮೆರಾದ ಒಳಗೋಡೆಗೆ ತಾಕಿ ಫಿಲ್ಮಿನ ಮೇಲೆ ಚೆಲ್ಲುತ್ತದೆ. ನನ್ನದು ಗಾಜಿನ ಪ್ರತಿಫಲನ ತಗ್ಗಿಸುವ ಟಿ-ಸ್ಟಾರ್ ಲೇಪನಕ್ಕೂ ಹಿಂದಿನ ಲೆನ್ಸ್, ಅದಕ್ಕೆ ನೆರಳು ಇನ್ನೂ ಹೆಚ್ಚು ಬೇಕು. "ಚಿಕ್ಕಮ್ಮ, ಕೊಡೆ ಹಿಡಿಯಲೇ?" ಎಂದಳು ಜತೆಗೆ ಬಂದಿದ್ದ ಅಕ್ಕನ ಮಗಳು. ಕಪ್ಪು ಕೊಡೆಯ ನೆರಳು ಗಾಜಿನ ಮೇಲೆ ಬಿದ್ದೊಡನೆ ಫೈಂಡರಿನಲ್ಲಿ ಕಂಬಗಳು ಕಪ್ಪಾದವು. ಅದನ್ನು ನೋಡಿದ ಮೇಲೆ ಬೇರೆ ಪುರಾವೆ ಬೇಕಾಗಲಿಲ್ಲ.

150ಕ್ಕೆಂದೇ ಮಾಡಿದ ಉದ್ದದ ಹುಡ್ ಹುಡುಕಲು ಎರಡು ತಿಂಗಳಾಯಿತು. ತಂದವಳೇ ಪರೀಕ್ಷಿಸಿದೆ. ಹಿಂಬದಿಯ ಫಿಲ್ಮ್ ಪೆಟ್ಟಿಗೆ, ಮ್ಯಾಗಜೀನ್, ಕಳಚಿ, ಫೋಕಸನ್ನು ಅನಂತಕ್ಕೆ, ಅಪರ್ಚರನ್ನು ಎಫ್/16ಕ್ಕೆ ತಿರುಗಿಸಿ, ಶಟರನ್ನು ಒತ್ತಿದಷ್ಟು ಹೊತ್ತು ತೆರೆದಿರುವ 'ಬಿ'ಯಲ್ಲಿ ಒತ್ತಿ ಹಿಡಿದು, ಹಿಂದಿನ ಚೌಕದ ನಾಲ್ಕೂ ಮೂಲೆಗಳಿಂದ ಇಣುಕಬೇಕು. ಅಪರ್ಚರಿನ ರಂಧ್ರ ಇಡಿಯಾಗಿ ಕಂಡರೆ ಹುಡ್ ಅಡ್ಡ ಬರುತ್ತಿಲ್ಲ. ಇಡಿಯಾಗಿಯೇ ಕಂಡಿತು. ಅದೇ ಹುಡ್ಡನ್ನು 80ಕ್ಕೆ ಹಾಕಿದಾಗ ರಂಧ್ರವನ್ನು ಯಾರೋ ಕಚ್ಚಿದಂತಿತ್ತು, ಅಂದರೆ ಚಿತ್ರದ ಮೂಲೆಗಳು ಕಪ್ಪಾಗುತ್ತವೆ. ಈಗ ಯಾರಾದರೂ ಲೆನ್ಸ್ ಕೊಳ್ಳುವ ಮಾತೆತ್ತಿದರೆ, ಅದರದ್ದೇ ಹುಡ್ಡಿನ ಬೆಲೆಯನ್ನೂ ಸೇರಿಸಿ ಲೆಕ್ಕ ಹಾಕಿ ಎನ್ನುತ್ತೇನೆ.

ಮೊನ್ನೆ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಕಿಟಕಿಯ ಬೆಳಕು ಚೌಕದ ಪಕ್ಕಕ್ಕೇ ಇತ್ತು. ಪ್ರಿಂಟಿನಲ್ಲಿ ಅಮ್ಮನ ಕಿವಿಯ ಬಳಿಯ ನರೆಗೂದಲು ಎಳೆ ಎಳೆಯಾಗಿ ಬಂದಿದೆ, ಹಿಂದಿನ ಗೋಡೆ ಕಪ್ಪಗೇ ಉಳಿದಿದೆ. ಶಟರ್ ಸದ್ದಾದಾಗಲೂ ಅವಳು ತಲೆಯೆತ್ತಲಿಲ್ಲ, ಕಾಯಿ ತುರಿಯುತ್ತಲೇ ಇದ್ದಳು.