ಹತ್ತು ವರ್ಷದ ಲ್ಯಾಪ್‌ಟಾಪ್ ಮತ್ತ ಚಾಲೂ ಆತು

ಮೊನ್ನೆ ರಾತ್ರಿ ಊಟ ಮಾಡಿ ಬಂದು ಪವರ್ ಬಟನ್ ಒತ್ತಿದ್ರ ಲೈಟ್ ಹತ್ತಿತು, ಫ್ಯಾನ್ ತಿರಗಾಕ ಹತ್ತಿತು, ಸ್ಕ್ರೀನ್ ಮಾತ್ರ ಪೂರಾ ಕಪ್ಪು. ಎದಿ ಧಸಕ್ ಅಂತು, ಯಾಕಂದ್ರ ಅವ್ವನ ಹಳೇ ಫೋಟೋ ಎಲ್ಲಾ ಅದ್ರಾಗ ಅದಾವು, ಬ್ಯಾಕಪ್ ಇರಲಿಲ್ಲ. ಬಾಗಲಕೋಟೆ ನವನಗರದಾಗ ಒಂದ್ ಅಂಗಡ್ಯಾಗ ತೋರ್ಸಿದ್ರ ಮದರ್‌ಬೋರ್ಡ್ (ಒಳಗಿನ ಮುಖ್ಯ ಸರ್ಕ್ಯೂಟ್ ಬೋರ್ಡ್) ಹೋಗೇತಿ, ಹೊಸಾದು ತಗೋರಿ ಅಂದ್ರು, ಬಿಚ್ಚಿ ಸೈತ ನೋಡಲಿಲ್ಲ, ಭಾಳ ಬ್ಯಾಸರಾತು.

ಮನಿಗೆ ಬಂದು ಮೊದಲ ಚಾರ್ಜರ್ ತಗದೆ, ಬ್ಯಾಟರಿ ತಗದೆ (ಹಳೇ ಮಾಡೆಲ್, ಹಿಂದಿನಿಂದ ಕಳಚಾಕ ಬರ್ತೈತಿ), ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡದೆ, ಒಳಗ ಉಳದಿದ್ದ ಕರೆಂಟ್ ಹೋಗ್ಲಿ ಅಂತ. ಆಗಲಿಲ್ಲ. ಆಮ್ಯಾಲ ಸ್ಕ್ರೂ ಬಿಚ್ಚಿ ನೋಡಿದ್ರ ಧೂಳಂದ್ರ ಧೂಳು, ನಮ್ಮ ಕಡೆ ಬ್ಯಾಸಿಗ್ಯಾಗ ಹೆಂಗ ಧೂಳ ಬರ್ತೈತಿ ನಿಮಗ ಗೊತ್ತ ಐತಲ್ರಿ. ಕೆಲಸ ನಡ್ಯೂವಾಗ ಮಾಹಿತಿ ಹಿಡದಿಡೂ ಸಣ್ಣ ಕಾರ್ಡ್, ಅಂದ್ರ 4 ಜಿಬಿ ರ‍್ಯಾಮ್ ಎರಡೂ ಕಡೆ ಕ್ಲಿಪ್ ಸರಿಸಿ ತಗದು, ಬಂಗಾರ ಬಣ್ಣದ ಪಟ್ಟಿಗೆ ಪೆನ್ಸಿಲ್ ರಬ್ಬರ್ ಹಗೂರಕ ತಿಕ್ಕಿ, ಒರಸಿ, ಟಕ್ ಅನ್ನೂತನಾ ಒತ್ತಿ ಕೂಡ್ಸಿದೆ. ಚಾಲೂ ಆತು! ಡೇಟ್ ಮಾತ್ರ ಎಷ್ಟೋ ವರ್ಷ ಹಿಂದಕ್ಕ ಹೋಗಿತ್ತು, ಮದರ್‌ಬೋರ್ಡ್ ಮ್ಯಾಲಿನ 3 ವೋಲ್ಟ್ ಸಿಆರ್2032 ಸೆಲ್ಲು (ಟೈಮ್, ಡೇಟ್ ಕಾಯೂ ನಾಣ್ಯದಂಥ ಸಣ್ಣ ಬ್ಯಾಟರಿ) ಮುಗದಿತ್ತು, ಅದನ್ನೂ ಬದಲಿ ಮಾಡಿದೆ.

ಬ್ಯಾಟರಿ ಉಬ್ಬಿದ್ರ ಮಾತ್ರ ನೀವ ಕೈ ಹಚ್ಚಬ್ಯಾಡ್ರಿ. ಅವ್ವನ ಫೋಟೋ ಅವತ್ತ ರಾತ್ರಿನ ಪೆನ್‌ಡ್ರೈವ್‌ಗೆ ಹಾಕೀನಿ.