ಅಂಟು ಒಳಗಿಳಿಯದ ಮಾವಿನ ಬೋಗುಣಿ

ಬದಿಯಡ್ಕದ ಹತ್ತಿರ ನನ್ನದೊಂದು ಸಣ್ಣ ಮರಗೆಲಸದ ಶೆಡ್. ಕಿಟಕಿ, ಬಾಗಿಲಿನ ಕೆಲಸದ ನಡುವೆ ಲೇತಿನಲ್ಲಿ ಬೋಗುಣಿಗಳನ್ನೂ ಕಡೆಯುತ್ತೇನೆ. ಅದರಲ್ಲೂ ಬೂಷ್ಟು ಗೆರೆ ಎಳೆದ ಮಾವಿನ ಮರವೆಂದರೆ ನನಗೆ ಪ್ರಾಣ.

ತೋಟದಲ್ಲಿ ಬಿದ್ದ ಮಾವಿನ ಕೊರಡು ಒಂದು ಮಳೆಗಾಲ ನೆಲದಲ್ಲೇ ಉಳಿದರೆ ಶಿಲೀಂಧ್ರಗಳು ಒಳಹೊಕ್ಕುತ್ತವೆ. ಒಂದರ ಜಾಗಕ್ಕೆ ಇನ್ನೊಂದು ಬಾರದಂತೆ ಕಪ್ಪು ಬೇಲಿ ಹಾಕಿಕೊಳ್ಳುತ್ತವೆ. ಸೀಳಿದಾಗ ಶಾಯಿಯಲ್ಲಿ ಬರೆದಂತೆ ಕಾಣುವ ಗೆರೆ ಅದೇ. ಬೇಲಿಯೊಳಗಿನ ಮರವನ್ನು ಮಾತ್ರ ಅವು ತಿನ್ನುತ್ತಲೇ ಇರುತ್ತವೆ. ಬಿಳಿಚಿದ ಜಾಗಕ್ಕೆ ಹೆಬ್ಬೆರಳ ಉಗುರು ಒತ್ತಿದರೆ ಗುಳಿ ಬೀಳುತ್ತದೆ. ನಾವು ಕುಂಬು ಎನ್ನುವುದು ಇದನ್ನೇ. ಉಳಿ ಕೊಟ್ಟರೆ ಗಟ್ಟಿ ಭಾಗ ಸುರುಳಿಯಾಗಿ ಬರುತ್ತದೆ, ಕುಂಬಿನ ನಾರು ಕಿತ್ತು ಬರುತ್ತದೆ.

ಕಳೆದ ಆಟಿಯ ಮಳೆ ತಿಂಗಳಲ್ಲಿ ಗೃಹಪ್ರವೇಶದ ಉಡುಗೊರೆಗೆಂದು ಹತ್ತು ಇಂಚಿನ ಬೋಗುಣಿಯೊಂದನ್ನು ಒಪ್ಪಿಕೊಂಡಿದ್ದೆ. ದಿನ ಕಡಿಮೆ, ಮರ ಹಸಿ. ಕುಂಬಿನ ಮೇಲೆ ನೀರಿನಷ್ಟು ತೆಳುವಾದ ಸೂಪರ್ ಗ್ಲೂ ಸುರಿದೆ. ನಿಮಿಷದೊಳಗೆ ಕಲ್ಲಿನಂತಾಯಿತು. ಖುಷಿಯಲ್ಲಿ ಲೇತ್ ತಿರುಗಿಸಿದೆ. ಎರಡನೇ ಸುತ್ತಿಗೆ ಹೊಳೆಯುವ ಹೊಪ್ಪಳೆಯೊಂದು ಎದ್ದು ಗೋಡೆಗೆ ಬಡಿಯಿತು. ಅದರ ದಪ್ಪ ಒಂದು ಮಿಲಿಮೀಟರ್ ಇರಲಿಲ್ಲ. ಕೆಳಗೆ ಒದ್ದೆ ಅವಲಕ್ಕಿಯಂತಹ ಮರ ಹಾಗೇ ಇತ್ತು.

ನನಗೆ ಕೆಲಸ ಕಲಿಸಿದ ಆಚಾರ್ರು ಆ ಚೂರನ್ನು ಬೆರಳಲ್ಲಿ ತಿಕ್ಕಿ ನೋಡಿ, "ಮರವೇ ನೀರು ಕುಡಿದು ಕೂತಿದೆ, ನಿನ್ನ ಅಂಟು ಎಲ್ಲಿಗೆ ಹೋಗಬೇಕು ಮಾರಾಯ?" ಎಂದರು.

ಜಾಗವಿಲ್ಲದ್ದು ಒಂದು ಕಾರಣ. ಇನ್ನೊಂದು, ಸೂಪರ್ ಗ್ಲೂ ಅಂದರೆ ಸಯನೋಅಕ್ರಿಲೇಟ್ ಗಟ್ಟಿಯಾಗುವುದೇ ನೀರಿನ ಪಸೆ ತಾಗಿ. ಹಸಿ ಮರದಲ್ಲಿ ಅದು ಇಳಿಯುವ ಮೊದಲೇ ಹೊಸ್ತಿಲಲ್ಲಿ ಹೆಪ್ಪುಗಟ್ಟುತ್ತದೆ. ನಾನು ಇದನ್ನು ಬೇಗ ಒಣಗಿತೆಂದು ತಿಳಿದಿದ್ದೆ.

ಗಿರಾಕಿಗೆ ಫೋನು ಮಾಡಿ, "ಅಕ್ಕ, ಹಬ್ಬ ಕಳೆದು ಕೊಡುತ್ತೇನೆ, ಈಗ ಕೊಟ್ಟರೆ ಒಡೆಯುತ್ತದೆ" ಎಂದೆ. ಬೇಸರ ಮಾಡಿಕೊಂಡರು, ಆದರೂ ಕಾದರು.

ಹೊಸ ತುಂಡನ್ನು ಒಂದಿಂಚು ದಪ್ಪ ಬಿಟ್ಟು ಒರಟಾಗಿ ಕಡೆದು ಒಲೆಯ ಮೇಲಿನ ಅಟ್ಟದಲ್ಲಿಟ್ಟೆ. ವಾರಕ್ಕೊಮ್ಮೆ ತಕ್ಕಡಿಗಿಟ್ಟು ತೂಕವನ್ನು ತಳದಲ್ಲಿ ಪೆನ್ಸಿಲಿನಿಂದ ಬರೆದೆ. ತೂಕ ಇಳಿಯುವುದು ನಿಲ್ಲುವವರೆಗೂ ಅಂಟಿನ ಬಾಟಲಿ ಮುಟ್ಟಲಿಲ್ಲ. ತೇವ 20 ಶೇಕಡಾಕ್ಕಿಂತ ಕೆಳಗಿಳಿದರೆ ಶಿಲೀಂಧ್ರವೂ ಬೆಳೆಯುವುದಿಲ್ಲ. ಹಾಗಾಗಿ ಒಣಗಿಸುವುದರಿಂದ ಎರಡು ಕೆಲಸ ಒಟ್ಟಿಗೆ ಆಗುತ್ತದೆ.

ಆಮೇಲೆ ಕುಂಬಿನ ಸುತ್ತಲಿನ ಗಟ್ಟಿ ಮರಕ್ಕೆ ತೆಳುವಾದ ಅರಗಿನ ಪಾಲಿಶ್ ಹಚ್ಚಿದೆ, ಅಂಟಿನ ಕಲೆ ಹರಡಬಾರದೆಂದು. ನಾರಿನ ತುದಿ ತೆರೆದುಕೊಂಡ ಕಡೆಯಿಂದ ಅಂಟನ್ನು ಹನಿಹನಿಯಾಗಿ ಬಿಟ್ಟರೆ ಮರ ಬತ್ತಿಯಂತೆ ಹೀರಿಕೊಂಡಿತು. ಇನ್ನು ಹೀರುವುದಿಲ್ಲ ಎನ್ನುವವರೆಗೆ ಕೊಟ್ಟು, ರಾತ್ರಿ ಬಿಟ್ಟು, ಮರುದಿನ ಆಗಷ್ಟೇ ಮಸೆದ ಉಳಿಯಲ್ಲಿ ತೆಳ್ಳಗೆ ತೆಗೆದೆ. ಒಳಗಿಂದ ಹೊಸ ಕುಂಬು ಕಂಡಿತು, ಮತ್ತೆ ಅಂಟು. ಹೀಗೆ ನಾಲ್ಕು ಸಲ. ಬೇಗ ಗಟ್ಟಿಯಾಗಲೆಂದು ಸಿಂಪಡಿಸುವ ಸ್ಪ್ರೇ ನಾನು ಬಳಸುವುದಿಲ್ಲ, ಅದೂ ಮೇಲ್ಪದರವನ್ನೇ ಮುಚ್ಚುತ್ತದೆ.

ಚೂರಿಯ ಹಿಡಿಯಂತಹ ಸಣ್ಣ ತುಂಡಾದರೆ ಬಿಸಿಗೆ ಗಟ್ಟಿಯಾಗುವ ರಾಳದಲ್ಲಿ ಮುಳುಗಿಸಿ, ಪಂಪಿನಿಂದ ಗಾಳಿ ಎಳೆದು, ಓವನ್ನಿನಲ್ಲಿ ಸುಮಾರು 90 ಡಿಗ್ರಿಯಲ್ಲಿ ಕಾಯಿಸುವ ಕ್ರಮವೇ ಒಳ್ಳೆಯದು. ಬೋಗುಣಿಗೆ ಅಷ್ಟು ದೊಡ್ಡ ಪಾತ್ರೆ ನನ್ನಲ್ಲಿಲ್ಲ. ಸ್ಕ್ರೂ ಡ್ರೈವರ್ ಒತ್ತಿದರೆ ಸಲೀಸಾಗಿ ಇಳಿಯುವ ಮರವನ್ನು ಬಚ್ಚಲ ಒಲೆಗೆ ಕೊಡುತ್ತೇನೆ.

ಹುಡುಗರಿಗೆ ಎರಡು ಮಾತು ಖಡಾಖಂಡಿತ ಹೇಳಿದ್ದೇನೆ. ಈ ಮರದ ಹುಡಿ ಮೂಗಿಗೆ ಹೋಗಬಾರದು, ಮಾಸ್ಕ್ ಇಲ್ಲದೆ ಲೇತ್ ಮುಟ್ಟಬೇಡಿ. ಸೂಪರ್ ಗ್ಲೂ ಚೆಲ್ಲಿದರೆ ಹತ್ತಿಬಟ್ಟೆಯಿಂದ ಒರೆಸಬೇಡಿ. ಹತ್ತಿಗೆ ತಾಗಿದರೆ ಅದು ಬಿಸಿಯೇರಿ ಹೊಗೆಯಾಡಿ ಕೈ ಸುಡುತ್ತದೆ.

ಬೋಗುಣಿ ಕೊಟ್ಟದ್ದು ದೀಪಾವಳಿ ಕಳೆದು. ಅಕ್ಕ ಮಗುಚಿ ನೋಡಿ, ತಳದಲ್ಲಿದ್ದ ಪೆನ್ಸಿಲಿನ ಲೆಕ್ಕ ಏನೆಂದು ಕೇಳಿದರು. ಹೇಳಿದೆ. ಅದನ್ನು ಉಜ್ಜಿ ತೆಗೆಯಬೇಡಿ ಎಂದರು.