ಚಳಿ ಹರಿದು ಬರುವ ದಾರಿ

2024 ಜುಲೈ 6, ಶನಿವಾರ
ಹ್ಯೂಆನ್ ಕಣಿವೆ, ಟಾಸ್ಮೇನಿಯಾ, ಆಸ್ಟ್ರೇಲಿಯಾ

ಬೆಳಿಗ್ಗೆ ಏಳೂವರೆ, ಸೂರ್ಯ ಇನ್ನೂ ಹುಟ್ಟಿಲ್ಲ. ಜಗಲಿ ಕಂಬದ ಥರ್ಮಾಮೀಟರಿನಲ್ಲಿ 1 ಡಿಗ್ರಿ. ಹುಲ್ಲಿನ ಮೇಲೆ ಮಲಗಿಸಿಟ್ಟ ಇನ್ನೊಂದರಲ್ಲಿ ಮೈನಸ್ 3. ಕೆಳಗಿನ ಪ್ಯಾಡಕ್, ಅಂದರೆ ಬೇಲಿಯೊಳಗಿನ ಹುಲ್ಲುಗಾವಲು, ಪೂರ್ತಿ ಬೆಳ್ಳಗಿದೆ, ಮೇಲಿನ ಅರ್ಧ ಹಸಿರಾಗಿಯೇ ಇದೆ, ನಡುವೆ ಸುಣ್ಣದಲ್ಲಿ ಗೆರೆ ಎಳೆದ ಹಾಗೆ. ಇಂಥ ಬೆಳಿಗ್ಗೆ ನಾಲ್ಕು ಗೂಟ ಹಿಡಿದು ಹೋಗಿ ಆ ಗೆರೆಗೆ ಗುರುತು ಹೊಡೆದಿಡಬೇಕು. ಮರ ಎಲ್ಲಿ ನೆಡುವುದು, ಪಂಪ್ ಎಲ್ಲಿ ಕೂರಿಸುವುದು, ಕುರಿ ಯಾವ ರಾತ್ರಿ ಎಲ್ಲಿರಬೇಕು, ಎಲ್ಲಕ್ಕೂ ಆಮೇಲೆ ಆ ಗೂಟಗಳನ್ನೇ ನೋಡಿದರಾಯಿತು.

ಇದಕ್ಕೆ ಕನ್ನಡದಲ್ಲಿ ಸರಿಯಾದ ಮಾತಿಲ್ಲ. ಮಂಜು ಗಾಳಿಯಲ್ಲಿ ತೇಲುವಂಥದ್ದು, ಇಬ್ಬನಿ ಅಂದರೆ ನೀರು. ಹುಲ್ಲಿನೆಸಳಿನ ಅಂಚಿನಲ್ಲಿ ಉಪ್ಪಿನ ಹರಳಿನಂತೆ ಕೂತು, ಕಾಲಿಟ್ಟರೆ ಹಪ್ಪಳದ ಹಾಗೆ ಮುರಿಯುವ ಈ ಬಿಳಿಗೆ ಇಲ್ಲಿನವರ ಫ್ರಾಸ್ಟ್ ಎಂಬ ಮಾತೇ ಇರಲಿ.

ಫ್ರಾಸ್ಟ್ ಬೀಳುವುದು ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ. ನೆಲ ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ, ನೆಲಕ್ಕಂಟಿದ ಗಾಳಿ ತಣ್ಣಗಾಗಿ ಭಾರವಾಗುತ್ತದೆ, ಭಾರವಾದದ್ದು ಇಳಿಜಾರು ಹಿಡಿದು ಕೆಳಗೆ ಹರಿಯುತ್ತದೆ. ನೀರು ಹರಿದಂತೆಯೇ, ಆದರೆ ಬಹಳ ನಿಧಾನ. ತಗ್ಗು ಸಿಕ್ಕಲ್ಲಿ ಕೆರೆಯಂತೆ ನಿಲ್ಲುತ್ತದೆ. ರಾಜಧಾನಿ ಹೋಬಾರ್ಟ್ ಕಡೆ ಚಳಿಗಾಲದ ಬೆಳಿಗ್ಗೆ ಡರ್ವೆಂಟ್ ನದಿಯ ಮೇಲೆ ಮಂಜಿನ ಹಾಸೊಂದು ಕೆಳಮುಖವಾಗಿ ತೆವಳಿಕೊಂಡು ಬರುತ್ತದೆ. ಬ್ರಿಜ್‌ವಾಟರ್ ಜೆರ್ರಿ ಎಂದು ಅದಕ್ಕೊಂದು ಹೆಸರೇ ಇದೆ. ಬೇರೆ ಕಡೆ ಕಣ್ಣಿಗೆ ಕಾಣದೆ ಹರಿಯುವ ಚಳಿ ಅಲ್ಲಿ ಕಾಣುವಂತೆ ಹರಿಯುತ್ತದೆ, ಅಷ್ಟೇ.

ಮುನ್ಸೂಚನೆಯಲ್ಲಿ ಕನಿಷ್ಠ 2 ಡಿಗ್ರಿ ಎಂದಿದ್ದರೆ ಫ್ರಾಸ್ಟ್ ಇಲ್ಲ ಎಂದು ಹೊಸಬರು ಮಲಗಿಬಿಡುತ್ತಾರೆ. ಹವಾಮಾನ ಬ್ಯೂರೋ ಅಳೆಯುವುದು ನೆಲದಿಂದ 1.2 ಮೀಟರ್ ಎತ್ತರದಲ್ಲಿ, ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ. ಅದೇ ಹೊತ್ತಿನಲ್ಲಿ ಹುಲ್ಲಿನ ಮಟ್ಟ ಎರಡರಿಂದ ನಾಲ್ಕು ಡಿಗ್ರಿ ಕೆಳಗಿರಬಹುದು. ಹಾಗಾಗಿ ಮುನ್ಸೂಚನೆ 2 ಎಂದರೆ ಇಲ್ಲಿ 0 ಎಂದೇ ಓದಿಕೊಳ್ಳಬೇಕು. ಅಂದಹಾಗೆ ಈ ರಾಜ್ಯದ ದಾಖಲೆ ಮೈನಸ್ 14.2, ಮಧ್ಯದ ಎತ್ತರ ಪ್ರದೇಶದ ಲಿಯಾವೆನಿಯಲ್ಲಿ, 2020ರ ಆಗಸ್ಟ್ 7ರಂದು. ಅದರ ಮುಂದೆ ನಮ್ಮ ಕಣಿವೆಯದ್ದು ಮಗುವಿನ ಚಳಿ.

ಎಂಟು ಗಂಟೆ. ನಲ್ಲಿಯಲ್ಲಿ ನೀರಿಲ್ಲ. ಮಳೆನೀರಿನ ಟ್ಯಾಂಕ್ ನಂಬಿದ ಮನೆಗಳಲ್ಲಿ ಜುಲೈ ತಿಂಗಳ ಮಾಮೂಲಿ ತಾಪತ್ರಯ ಇದು. ಇಷ್ಟು ಚಳಿಗೆ 22,500 ಲೀಟರಿನ ಟ್ಯಾಂಕ್ ಹೆಪ್ಪುಗಟ್ಟುವುದಿಲ್ಲ, 25 ಮಿ.ಮೀ. ಪಾಲಿ (ಪಾಲಿಥೀನ್) ಪೈಪ್ ಕೂಡ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಮೊದಲು ಸಿಕ್ಕಿಬೀಳುವುದು ಸಣ್ಣವು: ಪಂಪಿನಿಂದ ಪ್ರೆಶರ್ ಸ್ವಿಚ್ಚಿಗೆ (ನೀರಿನ ಒತ್ತಡ ನೋಡಿ ಪಂಪನ್ನು ತಾನಾಗಿ ಶುರುಮಾಡಿ ನಿಲ್ಲಿಸುವಂಥದ್ದು) ಹೋಗುವ ಬೆರಳು ಗಾತ್ರಕ್ಕಿಂತ ಸಣ್ಣ ಕೊಳವೆ, ಫಿಲ್ಟರಿನ ಪ್ಲಾಸ್ಟಿಕ್ ಬಟ್ಟಲು, ಗೋಡೆಯಾಚೆಗಿನ ಹಿತ್ತಾಳೆ ನಲ್ಲಿ. ಕೊಳವೆಯೊಳಗೆ ಮಂಜುಗಡ್ಡೆ ಕೂತರೆ ಸ್ವಿಚ್ಚಿಗೆ ಒತ್ತಡ ಏರಿದ್ದೂ ತಿಳಿಯದು, ಇಳಿದದ್ದೂ ತಿಳಿಯದು. ಒತ್ತಡ ಇದ್ದಾಗ ಗಟ್ಟಿಯಾದರೆ ಪಂಪ್ ಶುರುವೇ ಆಗುವುದಿಲ್ಲ. ಇಲ್ಲದಾಗ ಗಟ್ಟಿಯಾದರೆ ನಿಲ್ಲುವುದೇ ಇಲ್ಲ, ಒಳಗಿನ ನೀರನ್ನೇ ತಿರುವಿ ತಿರುವಿ ಬಿಸಿಮಾಡಿಕೊಂಡು ಸೀಲು ಸುಟ್ಟುಕೊಳ್ಳುತ್ತದೆ.

ಆದ್ದರಿಂದ ಮೊದಲು ಮಾಡಬೇಕಾದದ್ದು ಪಂಪಿನ ಕರೆಂಟ್ ತೆಗೆಯುವುದು. ಆಮೇಲೆ ಮನೆಯೊಳಗಿನ ಒಂದು ನಲ್ಲಿ ತೆರೆದಿಟ್ಟು, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಟವೆಲನ್ನು ಕೊಳವೆಗೆ ಸುತ್ತಬೇಕು, ಆರಿದಂತೆಲ್ಲ ಬದಲಿಸಬೇಕು. ಸ್ವಿಚ್ಚಿನ ವೈರಿನ ಕಡೆ ಒದ್ದೆ ತಾಗಬಾರದು. ಬ್ಲೋ ಟಾರ್ಚ್ ಹಿಡಿಯುವ ಶೂರರಿದ್ದಾರೆ, ಪಾಲಿ ಫಿಟ್ಟಿಂಗ್ ಕರಗಿದ ಮೇಲೆ ಅವರ ಶನಿವಾರವೆಲ್ಲ ಅಂಗಡಿಗೆ ಅಲೆಯುವುದರಲ್ಲೇ ಮುಗಿಯುತ್ತದೆ.

ಇಲ್ಲಿ ಮೋಸ ಹೋಗುವ ಜಾಗ ಬೇರೆಯೇ ಇದೆ. ನೀರು ಗಡ್ಡೆಯಾದಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಪಾಲಿ ಪೈಪ್ ಅದಕ್ಕೆ ಮೈಕೊಡುತ್ತದೆ, ಹಿತ್ತಾಳೆ ಮತ್ತು ಗಟ್ಟಿ ಪ್ಲಾಸ್ಟಿಕ್ ಕೊಡುವುದಿಲ್ಲ, ಸೀಳುತ್ತವೆ. ಸೀಳಿದ್ದು ಎಂಟು ಗಂಟೆಗೆ ಗೊತ್ತಾಗುವುದಿಲ್ಲ, ಏಕೆಂದರೆ ಬಿರುಕಿಗೆ ಮಂಜುಗಡ್ಡೆಯೇ ಬಿರಡೆ. ಹತ್ತು ಗಂಟೆಗೆ ಬಿಸಿಲು ತಾಗಿ ಕರಗಿದಾಗ ನೀರು ಚಿಮ್ಮುತ್ತದೆ, ಪಂಪು ನಿಷ್ಠೆಯಿಂದ ಟ್ಯಾಂಕನ್ನೆಲ್ಲ ಹುಲ್ಲಿಗೆ ಸುರಿಯುತ್ತದೆ. ಕರಗುವವರೆಗೆ ಕರೆಂಟ್ ಕೊಡದೆ, ಕೊಟ್ಟ ಮೇಲೆ ಲೈನಿನುದ್ದಕ್ಕೂ ಒಮ್ಮೆ ನಡೆದು ಬರುವುದು ವಾಸಿ. ಕಳೆದುಕೊಂಡ ನೀರಿಗೆ ಲೆಕ್ಕ ಸುಲಭ: 1 ಚದರ ಮೀಟರ್ ಚಾವಣಿಗೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. 150 ಚದರ ಮೀಟರಿನ ಚಾವಣಿಗೆ ಆ ಟ್ಯಾಂಕ್ ತುಂಬಲು 150 ಮಿ.ಮೀ. ಮಳೆ ಬೇಕು, ಅದೂ ಒಂದು ಹನಿ ಪೋಲಾಗದಿದ್ದರೆ.

ಶಾಶ್ವತ ಉಪಾಯವೆಂದರೆ ಪೈಪನ್ನು 300 ಮಿ.ಮೀ. ಆಳಕ್ಕೆ ಹೂಳುವುದು, ನೆಲದ ಮೇಲಿದ್ದದ್ದಕ್ಕೆ ಫೋಮ್ ತೋಳು ತೊಡಿಸಿ ಬಿಸಿಲಿಗೆ ಪುಡಿಯಾಗದಂತೆ ಟೇಪ್ ಸುತ್ತುವುದು. ಪಂಪಿಗೆ ಪೆಟ್ಟಿಗೆ ಹೊಚ್ಚಿ, ಗಾಳಿಯಾಡಲು ಕಿಂಡಿ ಬಿಡಿ. ಒಳಗೆ ಒಣಹುಲ್ಲು ತುರುಕಬೇಡಿ, ಇಲಿ ಸಂಸಾರ ಹೂಡುತ್ತದೆ, ಮೋಟಾರ್ ಬಿಸಿಗೆ ಬೆಂಕಿಯ ಭಯ ಬೇರೆ.

ಚಳಿಯನ್ನು ಬರೀ ಬೈದರೆ ಅನ್ಯಾಯ. ಸೇಬಿಗೆ ಚಳಿಗಾಲದ ನಿದ್ದೆ ಬೇಕು. ಬಹಳಷ್ಟು ತಳಿಗಳಿಗೆ 7 ಡಿಗ್ರಿಗಿಂತ ಕೆಳಗಿನ ಸಾವಿರ ಗಂಟೆಯ ಆಸುಪಾಸು ಸಿಗದಿದ್ದರೆ ವಸಂತದಲ್ಲಿ ಮೊಗ್ಗು ಒಟ್ಟಿಗೆ ಒಡೆಯುವುದಿಲ್ಲ, ಹೂವು ವಾರಗಟ್ಟಲೆ ಎಳೆದಾಡುತ್ತದೆ. ಜುಲೈನಲ್ಲಿ ಮರ ಬೋಳಾಗಿ ನಿಂತಿರುವಾಗ ಮೈನಸ್ 5 ಕೂಡ ಅದಕ್ಕೆ ಜೋಗುಳ. ಅದೇ ಮರಕ್ಕೆ ಇಲ್ಲಿನ ವಸಂತವಾದ ಅಕ್ಟೋಬರಿನಲ್ಲಿ ಮೈನಸ್ 2.2 ಅರ್ಧ ಗಂಟೆ ತಾಗಿದರೆ ಅರಳಿದ ಹೂವಿನಲ್ಲಿ ಹತ್ತನೇ ಒಂದು ಪಾಲು ಹೋಗುತ್ತದೆ, ಮೈನಸ್ 3.9 ತಾಗಿದರೆ ಹತ್ತರಲ್ಲಿ ಒಂಬತ್ತು. ಬರೀ 1.7 ಡಿಗ್ರಿಯ ಅಂತರದಲ್ಲಿ ಇಡೀ ವರ್ಷದ ಬೆಳೆ. ಗೂಟ ಹೊಡೆಯಲು ಜುಲೈ ಸರಿಯಾದ ಕಾಲ ಎನ್ನುವುದು ಇದಕ್ಕೇ. ಈಗ ಚಳಿ ನಿಲ್ಲುವ ಜಾಗದಲ್ಲೇ ಅಕ್ಟೋಬರಿನಲ್ಲೂ ನಿಲ್ಲುತ್ತದೆ.

ಹೂವು ಸತ್ತಿದೆಯೇ ಎಂದು ಬೆಳಿಗ್ಗೆ ನೋಡಿ ಪ್ರಯೋಜನವಿಲ್ಲ, ಎಸಳು ಚೆನ್ನಾಗಿಯೇ ಕಾಣುತ್ತದೆ. ಮಧ್ಯಾಹ್ನ ಬ್ಲೇಡಿನಿಂದ ಹೂವಿನ ಬುಡವನ್ನು ಅಡ್ಡ ಕೊಯ್ದು ನಡುವೆ ನೋಡಬೇಕು. ಹಸಿರಿದ್ದರೆ ಕಾಯಿ ಕಟ್ಟೀತು. ಕಂದಿದ ಚುಕ್ಕೆಯಿದ್ದರೆ ಅದು ಬರೀ ಅಲಂಕಾರ.

ತುಂತುರು ನೀರಾವರಿಯಿಂದ ಹೂ ಉಳಿಸುವವರಿದ್ದಾರೆ. ಕೇಳಿದವರಿಗೆ ವಿಚಿತ್ರ, ಆದರೆ ನೀರು ಗಡ್ಡೆಯಾಗುವಾಗ ಕಾವು ಬಿಡುತ್ತದೆ, ಗಡ್ಡೆ ಕಟ್ಟುತ್ತಲೇ ಇರುವಷ್ಟು ಹೊತ್ತು ಹೂವು 0 ಡಿಗ್ರಿಯ ಹತ್ತಿರವೇ ಇರುತ್ತದೆ. ಸೊನ್ನೆ ತಲುಪುವ ಮೊದಲೇ ಶುರುಮಾಡಿ, ಬೆಳಿಗ್ಗೆ ಗಡ್ಡೆ ತಾನಾಗಿ ಕಳಚುವವರೆಗೂ ನಿಲ್ಲಿಸಬಾರದು. ನಡುವೆ ನೀರು ಮುಗಿದರೆ ಒದ್ದೆ ಹೂವು ಆವಿಯಾಗುತ್ತ ಇನ್ನಷ್ಟು ತಣ್ಣಗಾಗುತ್ತದೆ, ಏನೂ ಮಾಡದವರಿಗಿಂತ ಹೆಚ್ಚು ನಷ್ಟ. ಗಂಟೆಗೆ 3 ಮಿ.ಮೀ. ಎಂದರೂ ಹೆಕ್ಟೇರಿಗೆ ಗಂಟೆಗೆ 30,000 ಲೀಟರ್. ಮನೆ ಟ್ಯಾಂಕ್ ಮುಕ್ಕಾಲು ಗಂಟೆಗೆ ಖಾಲಿ. ದೊಡ್ಡ ಕೃಷಿಹೊಂಡ ಇಲ್ಲದವರು ಈ ಆಟಕ್ಕೆ ಇಳಿಯಬಾರದು.

ಅವರಿಗೆ ಖರ್ಚಿಲ್ಲದ ದಾರಿಗಳಿವೆ. ಇಳಿಜಾರಿಗೆ ಅಡ್ಡವಾಗಿ ಬೆಳೆದ ದಟ್ಟ ಬೇಲಿ ಚಳಿಗೆ ಕಟ್ಟೆ ಕಟ್ಟಿದಂತೆ, ಅದರ ಮೇಲ್ಬದಿಯ ಸಾಲು ಪ್ರತಿ ವರ್ಷ ಸುಡುತ್ತದೆ. ಬೇಲಿಯ ಬುಡವನ್ನು ಮೊಣಕಾಲೆತ್ತರ ಸವರಿ, ತಗ್ಗಿನ ತುದಿಯಲ್ಲೊಂದು ಗೇಟು ತೆರೆದಿಟ್ಟರೆ ಚಳಿ ಜಾರಿಹೋಗುತ್ತದೆ. ಗೇಟು ತೆರೆಯುವ ಮುನ್ನ ಕೆಳಗಿನ ಜಮೀನಿನವರಿಗೆ ಹೇಳುವುದು ಮರ್ಯಾದೆ. ನಮ್ಮ ಚಳಿ ಅವರ ಚೆರ್ರಿಯ ಮೇಲೆ ನಿಲ್ಲಬಾರದಲ್ಲ. ಸಾಲಿನ ಹುಲ್ಲನ್ನು ಗಿಡ್ಡಗೆ ಕತ್ತರಿಸಿ ಮಣ್ಣನ್ನು ಒದ್ದೆಯಾಗಿಟ್ಟರೆ ನೆಲ ಹಗಲಿನ ಕಾವನ್ನು ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ.

ಕುರಿಯ ಲೆಕ್ಕವೇ ಬೇರೆ. ಒಣ ಫ್ರಾಸ್ಟಿಗೆ ಉಣ್ಣೆ ಇದ್ದ ಕುರಿ ಅಂಜುವುದಿಲ್ಲ, ಬೆನ್ನ ಮೇಲೆ ಬಿಳಿ ಹರಳು ಹೊತ್ತೇ ಮೇಯುತ್ತದೆ. ಕೊಲ್ಲುವುದು ಮಳೆ, ಗಾಳಿ, ಚಳಿ ಮೂರೂ ಒಟ್ಟಿಗೆ ಬಂದ ದಿನ. ಅದಕ್ಕೇ ಬ್ಯೂರೋ ಕುರಿಗಾರರಿಗೆಂದು ಪ್ರತ್ಯೇಕ ಎಚ್ಚರಿಕೆ ಹೊರಡಿಸುತ್ತದೆ. ಉಣ್ಣೆ ಕತ್ತರಿಸಿದ ಮೊದಲ ಎರಡು ವಾರ ಮತ್ತು ಮರಿ ಹಾಕುವ ದಿನಗಳು ಕಷ್ಟದವು. ಗಾಳಿಯ ರಾತ್ರಿ ತಗ್ಗಿಗೆ ಹೊಡೆಯಿರಿ: ಗಾಳಿ ಕಲಕುತ್ತಿದ್ದರೆ ಚಳಿ ಅಲ್ಲಿ ನಿಲ್ಲಲಾರದು, ಮರೆಯೂ ಸಿಗುತ್ತದೆ. ಗಾಳಿಯಿಲ್ಲದ ರಾತ್ರಿ ಗೂಟದ ಮೇಲ್ಬದಿಗೆ.

ಚಳಿ ನಿಲ್ಲುವಲ್ಲೇ ಹೊಗೆಯೂ ನಿಲ್ಲುತ್ತದೆ. ಸಂಜೆ ಐದರ ಮೇಲೆ ಊರಿನ ತಗ್ಗಿನಲ್ಲಿ ನೀಲಿ ಪದರ ಕಂಡರೆ ಯಾರದೋ ವುಡ್ ಹೀಟರಿನಲ್ಲಿ, ಅಂದರೆ ಮನೆ ಬೆಚ್ಚಗಿಡುವ ಸೌದೆ ಒಲೆಯಲ್ಲಿ, ಸ್ಟ್ರಿಂಗಿಬಾರ್ಕ್ ಎಂಬ ನೀಲಗಿರಿ ಜಾತಿಯ ಹಸಿ ಸೌದೆ ಉರಿಯುತ್ತಿದೆ ಎಂದರ್ಥ. ಸೌದೆಯ ತೇವ ನೂರಕ್ಕೆ 20ಕ್ಕಿಂತ ಕಡಿಮೆ ಇರಬೇಕು. ಸೀಳಿ, ಮಳೆ ತಾಗದಂತೆ ಒಟ್ಟಿ, ಕನಿಷ್ಠ ಒಂದು ಬೇಸಿಗೆ ಕಳೆದರೆ ಆಗುತ್ತದೆ. ಹೊಸ ತುಂಡು ಹಾಕಿದ ಮೇಲೆ ಇಪ್ಪತ್ತು ನಿಮಿಷ ಗಾಳಿಕಿಂಡಿ ಪೂರ್ತಿ ತೆರೆದಿಡಿ, ಆಮೇಲೆ ಹೊರಗೆ ಹೋಗಿ ಚಿಮಣಿ ನೋಡಿ, ಹೊಗೆ ಕಾಣಬಾರದು. ರಾತ್ರಿಯಿಡೀ ಕಿಂಡಿ ಮುಚ್ಚಿ ಸೌದೆಯನ್ನು ಹೊಗೆಯಾಡಲು ಬಿಟ್ಟರೆ ಕೊಳವೆಯೊಳಗೆ ಟಾರು ಕಟ್ಟಿ ಒಂದು ದಿನ ಚಿಮಣಿಗೇ ಬೆಂಕಿ. ಹುಳ ಹಿಡಿಯದಂತೆ ರಾಸಾಯನಿಕ ಉಣಿಸಿದ, ಹಸಿರು ಛಾಯೆಯ ಹಳೇ ಬೇಲಿ ಕಂಬ ಎಂದೂ ಒಲೆಗೆ ಹಾಕಬಾರದು, ಅದರ ಬೂದಿಯಲ್ಲಿ ಆರ್ಸೆನಿಕ್ ಇರುತ್ತದೆ.

ದೋಸೆ ಹಿಟ್ಟಿನವರಿಗೊಂದು ಮಾತು. 12 ಡಿಗ್ರಿಯ ಅಡುಗೆಮನೆಯಲ್ಲಿ ಹಿಟ್ಟು ಹುದುಗುವುದಿಲ್ಲ, ಹೀಟರಿನ ತಲೆಯ ಮೇಲಿಟ್ಟರೆ ಬೇಯುತ್ತದೆ. ಹೀಟರಿನಿಂದ ಒಂದು ಮೀಟರ್ ದೂರದ ಸ್ಟೂಲು, ಮೇಲೊಂದು ದಪ್ಪ ಟವೆಲು, ಬೆಳಗಿನ ಹೊತ್ತಿಗೆ ಪಾತ್ರೆ ತುಂಬಿರುತ್ತದೆ.

ಸಂಜೆ ಆರು. ಮೋಡವಿಲ್ಲ, ಹೊಗೆ ನೇರ ಮೇಲೇರುತ್ತಿದೆ, ಹುಲ್ಲಿನ ಥರ್ಮಾಮೀಟರಿನಲ್ಲಿ ಆಗಲೇ 1.5. ನೀರು ನಿಂತು ಹೆಪ್ಪುಗಟ್ಟದಿರಲೆಂದು ಲೈನಿನ ಕೊನೆಯ ನಲ್ಲಿಯನ್ನು ಪೆನ್ಸಿಲ್ ಸೀಸದಷ್ಟು ಧಾರೆ ಬರುವ ಹಾಗೆ ತೆರೆದು, ಕೆಳಗೆ ಬಕೆಟ್ ಇಟ್ಟಾಯಿತು.